ಹಲಸಿನ ಮೇಜಿನ ಲೆಕ್ಕ

ಆಚಾರ್ರು ಮೇಜಿನ ರೇಟು ಹೇಳಿದ ಕೂಡಲೇ ನಾನು ಫೋನು ತೆಗೆದು ಲೆಕ್ಕ ಹಾಕಿದೆ. ಮೇಲಿನ ಹಲಗೆ 4 ಅಡಿ ಉದ್ದ, 3 ಅಡಿ ಅಗಲ, 1 ಇಂಚು ದಪ್ಪ. ಸರಿಯಾಗಿ 1 ಘನ ಅಡಿ ಮರ. ಕಾಲು, ಪಟ್ಟಿ, ಡ್ರಾಯರ್ ಸೇರಿ ಇನ್ನೊಂದು ಅಂತಿಟ್ಟುಕೊಳ್ಳಿ.

"ಎರಡಡಿ ಹಲಸಿಗೆ ಇಷ್ಟೊಂದಾ?" ಅಂದೆ.

"ಹಾಗಾದ್ರೆ ಎರಡಡಿ ಮರವನ್ನೇ ತಗೊಂಡ್ಹೋಗಿ ಮಾರಾಯ್ರೇ, ಅದರ ಮೇಲೇ ಊಟ ಮಾಡಿ."

ಬಾಯಿ ಮುಚ್ಚಿಕೊಂಡು ಅಲ್ಲೇ ಕೂತೆ. ಕೂತದ್ದು ಒಳ್ಳೆಯದೇ ಆಯಿತು. ದಿಮ್ಮಿಯ ಹೊರಗಿನ ಬಿಳಿ ಭಾಗ ಪೂರ್ತಿ ಹೋಯಿತು. ಅದಕ್ಕೆ ಕುಟ್ಟೆ ಹುಳ ಬೇಗ ಹಿಡಿಯುತ್ತದೆ, ಮೇಜಿಗೆ ಬೇಕಾದದ್ದು ಚೇಗು, ಅಂದರೆ ಒಳಗಿನ ಗಟ್ಟಿ ತಿರುಳು ಮಾತ್ರ. ಗಂಟಿದ್ದಲ್ಲಿ ಹೋಯಿತು, ಬಿರುಕಿದ್ದಲ್ಲಿ ಹೋಯಿತು. ಹೋದದ್ದೆಲ್ಲ ಅವರ ಬಚ್ಚಲೊಲೆಗೆ. ನನ್ನ ದುಡ್ಡಿನಲ್ಲಿ ಅವರ ಮನೆಯವರ ಸ್ನಾನವೂ ಸೇರಿದೆ ಅಂತ ಆಗ ಗೊತ್ತಾಯಿತು.

ಇಂಚು ದಪ್ಪಕ್ಕೆ ಒಂದು ವರ್ಷ ಒಣಗಬೇಕು ಅನ್ನೋದು ಹಳೇ ಲೆಕ್ಕ. ಅಷ್ಟು ದಿನ ಹಲಗೆ ಸುಮ್ನೆ ಮಲಗಿರುತ್ತದೆ. ಆಮೇಲೆ ಕೂಡಿಸುವ ಕೆಲಸ. ಕಾಲಿನಲ್ಲೊಂದು ತೂತು, ಪಟ್ಟಿಯ ತುದಿಗೊಂದು ನಾಲಿಗೆ. ಸಡಿಲವಾದರೆ ಮೇಜು ಅಲ್ಲಾಡುತ್ತದೆ, ಬಿಗಿ ಜಾಸ್ತಿಯಾದರೆ ಕಾಲು ಸೀಳುತ್ತದೆ. ಆಚಾರ್ರು ತೂರಿಸಿ ನೋಡಿದರು, ತೆಗೆದರು, ಉಳಿಯಲ್ಲಿ ಒಂದು ಎಳೆ ಕೆತ್ತಿದರು, ಮತ್ತೆ ತೂರಿಸಿದರು. ಒಂದೇ ಕಾಲಿಗೆ ಮಧ್ಯಾಹ್ನದ ಊಟದ ಹೊತ್ತಾಯಿತು.

ಇದಕ್ಕೂ ಮುಂಚೆ ನನ್ನ ಹತ್ತಿರ ಮರದ ಪುಡಿಗೆ ಅಂಟು ಸೇರಿಸಿ ಒತ್ತಿದ ಹಲಗೆಯ ಮೇಜಿತ್ತು. ಮನೆ ಬದಲಿಸಿದಾಗೆಲ್ಲ ಬಿಚ್ಚಿ ಜೋಡಿಸಿ, ಸ್ಕ್ರೂ ತೂತುಗಳು ಅಗಲವಾದವು. ಬೆಂಕಿಕಡ್ಡಿ ತುರುಕಿದೆ. ಮೂರನೇ ಮನೆಗೆ ಬರುವಷ್ಟರಲ್ಲಿ ಮೇಜಿಗಿಂತ ಬೆಂಕಿಕಡ್ಡಿಯೇ ಜಾಸ್ತಿ. ಆದರೂ ಪಾಪ, ಅಗ್ಗದ್ದು, ಬಿಚ್ಚಿದರೆ ಗೂಡ್ಸ್ ಆಟೋದ ಒಂದು ಮೂಲೆ ಸಾಕಾಗುತ್ತಿತ್ತು. ಹಲಸಿನದ್ದನ್ನು ಮೂರನೇ ಮಹಡಿಗೆ ಹತ್ತಿಸಲು ನಾಲ್ಕು ಜನ ಬೇಕಾಯಿತು. ಅವರ ಕೂಲಿಯನ್ನು ನಾನು ಲೆಕ್ಕಕ್ಕೇ ಹಿಡಿದಿರಲಿಲ್ಲ. ವರ್ಷ ವರ್ಷ ಮನೆ ಬದಲಿಸುವವರಿಗೆ ಇಂಥದ್ದನ್ನು ಮಾಡಿಸಿ ಅಂತ ಹೇಳಲು ನನಗೂ ಬಾಯಿ ಬರುವುದಿಲ್ಲ.

ಬಂದಾಗ ಮೇಜು ಅರಿಶಿನದ ಬಣ್ಣಕ್ಕಿತ್ತು. ಈಗ ಬೆಲ್ಲದ ಬಣ್ಣಕ್ಕೆ ತಿರುಗಿದೆ. ಮಳೆ ಹಿಡಿದರೆ ಡ್ರಾಯರ್ ಉಬ್ಬಿ ಕಚ್ಚಿಕೊಳ್ಳುತ್ತದೆ. ಮೊನ್ನೆ ಎಷ್ಟು ಎಳೆದರೂ ಬರಲಿಲ್ಲ. ಆಚಾರ್ರಿಗೆ ಫೋನು ಮಾಡಿದೆ.

"ಎಳೀಬೇಡಿ. ದೀಪಾವಳಿ ಹೊತ್ತಿಗೆ ತಾನೇ ಬಿಡುತ್ತೆ," ಅಂದರು.

ಕರೆಂಟ್ ಬಿಲ್ಲು ಅದರೊಳಗಿದೆ.