ನಕಾಶೆಯ ಮೇಲೊಂದು ಕವಳದ ಹನಿ

ಒಂದು ಕೆಂಪು ಹನಿ ಇಡೀ ದಿನದ ಪಾಠವನ್ನು ಕೆಡಿಸಬಲ್ಲದು ಎಂಬುದು ಭೂತಾನಿಗೆ ಬರುವವರೆಗೆ ನನಗೆ ತಿಳಿದಿರಲಿಲ್ಲ. ಹಾ ಎಂಬ ಕಣಿವೆಯ ನಮ್ಮ ತರಗತಿಯ ಮೇಜಿನ ಮೇಲೆ, ಹಿಂದಿನ ರಾತ್ರಿ ಎರಡು ತಾಸು ಕುಳಿತು ನಾನು ಗುರುತು ಹಾಕಿದ್ದ ನಕಾಶೆಯನ್ನು ಹರಡಲಾಗಿತ್ತು. ನಮ್ಮವರಿಗೆ ನೀಲಿ ಪೆನ್ಸಿಲ್, ಶತ್ರುವಿಗೆ ಕೆಂಪು. ಪ್ರಶ್ನೆ ಕೇಳಲೆಂದು ಅದರ ಮೇಲೆ ಬಾಗಿದ ಹಿರಿಯ ಸಾರ್ಜೆಂಟರ ತುಟಿಯಂಚಿನಿಂದ ಎಲೆಯಡಕೆಯ ಕವಳದ ರಸದ ಹನಿಯೊಂದು ಜಾರಿ ಬೆಟ್ಟವೊಂದರ ನೆತ್ತಿಯ ಮೇಲೆ ಬಿತ್ತು. ಅವರು ಗಾಬರಿಯಿಂದ ಅಂಗೈಯಲ್ಲಿ ಒರೆಸಿದರು. ಹನಿ ಬೆಟ್ಟವಿಳಿದು ಹೊಳೆ ದಾಟಿ ಆಚೆ ದಡದಲ್ಲಿ ನಿಂತಿತು. ಮಧ್ಯಾಹ್ನದ ಅಭ್ಯಾಸದಲ್ಲಿ ಒಂದು ತಂಡ ಆ ಕಲೆಯನ್ನೇ ಶತ್ರುವಿನ ಠಾಣೆಯೆಂದು ಭಾವಿಸಿ, ಅದನ್ನು ಎರಡು ಕಡೆಯಿಂದ ಸುತ್ತುವರಿಯುವ ಯೋಜನೆಯೊಂದನ್ನು ಬರೆದುಕೊಟ್ಟಿತು. ತಪ್ಪು ಹುಡುಕಲು ನಾನು ಬಹಳ ಹೊತ್ತು ಪ್ರಯತ್ನಿಸಿದೆ, ಸಿಗಲಿಲ್ಲ.

ಪರರ ಸೈನಿಕರಿಗೆ ಪಾಠ ಹೇಳುವುದೆಂದರೇನು ಎಂಬುದರ ಕುರಿತು ಗಂಭೀರವಾಗಿ ಬರೆಯಬೇಕೆಂದೇ ನಾನು ಲೇಖನಿ ಹಿಡಿದದ್ದು. ಭಾರತೀಯ ಸೇನಾ ತರಬೇತಿ ತಂಡ 1962ರಿಂದ ಈ ಕಣಿವೆಯಲ್ಲಿದೆ. ನನ್ನಂಥ ಎಷ್ಟೋ ಅಧಿಕಾರಿಗಳು ಇದೇ ಚಳಿಯಲ್ಲಿ ಕೈ ಉಜ್ಜಿಕೊಳ್ಳುತ್ತ ಇದೇ ಪಾಠ ಮಾಡಿ ಹೋಗಿದ್ದಾರೆ. ಆದರೆ ಯಾರಿಗೆ ಹೇಳುತ್ತಿದ್ದೇನೆಂದು ನೆನೆದಾಗ ಗಾಂಭೀರ್ಯ ಸ್ವಲ್ಪ ಸಡಿಲವಾಗುತ್ತದೆ. ಭಾನುವಾರ ನೂರನಲವತ್ತು ಮೀಟರ್ ಆಚೆಗಿನ ಪುಟ್ಟ ಹಲಗೆಗೆ ಬಾಣ ಬಿಟ್ಟು, ತಾಗಿದಾಗ ಕುಣಿಯುವವರಿಗೆ ಸೋಮವಾರ ನಾನು ಗುರಿ ಹಿಡಿಯುವುದನ್ನು ಕಲಿಸಬೇಕು. ಹನಿ ಬೀಳಿಸಿದ ಸಾರ್ಜೆಂಟರಾದರೋ, 2003ರ ಡಿಸೆಂಬರಿನಲ್ಲಿ ಭೂತಾನದ ದಕ್ಷಿಣದ ಕಾಡುಗಳಿಂದ ಅಸ್ಸಾಮಿನ ಉಲ್ಫಾ ಮೊದಲಾದ ಉಗ್ರರ ಮೂವತ್ತು ಶಿಬಿರಗಳನ್ನು ಎತ್ತಂಗಡಿ ಮಾಡಿದ ಕಾರ್ಯಾಚರಣೆಯಲ್ಲಿ ಇದ್ದವರು. ಆ ಡಿಸೆಂಬರಿನಲ್ಲಿ ನಾನು ತೀರ್ಥಹಳ್ಳಿಯಲ್ಲಿ ಅರ್ಧವಾರ್ಷಿಕ ಪರೀಕ್ಷೆಗೆ ಓದುತ್ತಿದ್ದೆ. ಕಾಡಿನ ಕಾಳಗದ ಪಾಠದ ದಿನ ಅವರು ಎಲ್ಲರಿಗಿಂತ ಹೆಚ್ಚು ಶ್ರದ್ಧೆಯಿಂದ ಟಿಪ್ಪಣಿ ಬರೆದುಕೊಂಡದ್ದನ್ನು ನಾನು ಇಂದಿಗೂ ಅನುಮಾನದಿಂದಲೇ ನೆನೆಯುತ್ತೇನೆ.

ನಿಜ ಹೇಳಬೇಕೆಂದರೆ ನನಗೆ ಸಿಟ್ಟು ಬಂದದ್ದು ನಕಾಶೆ ಕೆಟ್ಟಿತೆಂದಲ್ಲ, ಆ ಅಡಕೆಯ ಮೇಲೆ. ಇಲ್ಲಿ ಕವಳಕ್ಕೆ ದೊಮಾ ಎನ್ನುತ್ತಾರೆ. ಎಲೆ ನಮ್ಮ ಎಲೆಯೇ, ಸುಣ್ಣ ನಮ್ಮ ಸುಣ್ಣವೇ, ಆದರೆ ಅಡಕೆಯನ್ನು ಸಿಪ್ಪೆಸಹಿತ ಹುಳಿಯಲು ಬಿಟ್ಟು, ಅದು ಒದ್ದೆಯಾಗಿ ಮೆತ್ತಗಾಗಿ ಕೋಣೆಯ ಈ ಮೂಲೆಯಿಂದ ಆ ಮೂಲೆಗೆ ನಾರತೊಡಗಿದ ಮೇಲೆ ಎರಡು ಹೋಳು ಮಾಡಿ ಬಾಯಿಗೆ ಹಾಕಿಕೊಳ್ಳುತ್ತಾರೆ. ಮಳೆಗಾಲ ಹಿಡಿಯುವ ಮುನ್ನ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸಿ, ಮರ ಹತ್ತುವ ಕೊನೆಗೌಡನಿಗೆ ಕಾದು, ಅವನ ಕಾಲು ಹಿಡಿಯುವುದೊಂದನ್ನು ಬಿಟ್ಟು ಉಳಿದೆಲ್ಲವನ್ನೂ ಮಾಡಿ ಕೊನೆಗಳಿಗೆ ಮಳೆ ತಾಗದಂತೆ ಕೊಟ್ಟೆ ಕಟ್ಟಿಸಿ, ಆ ಮೇಲೂ ರಾತ್ರಿ ಮಳೆಯ ಸದ್ದಿಗೆ ನಿದ್ದೆಗೆಡುವ ಮನೆಯಲ್ಲಿ ನಾನು ಹುಟ್ಟಿದವನು. ಕೊಳೆ ಬಾರದಂತೆ ನೋಡಿಕೊಳ್ಳುವುದೇ ನಮ್ಮ ಮೂರು ತಲೆಮಾರಿನ ಸಾಧನೆ. ಅದೇ ಅಡಕೆಯನ್ನು ಕೈಯಾರೆ ಕೊಳೆಸಿ ತಿನ್ನುವ ಜನರ ನಡುವೆ ನನ್ನನ್ನು ಗುರುವೆಂದು ಕಳಿಸಿದ್ದಾರೆ. ಎಳೆಯದನ್ನು ಸುಲಿದು, ಅಡಕೆ ಬೇಯಿಸಿ ಉಳಿದ ಕೆಂಪು ರಸವಾದ ಚೊಗರಿನಲ್ಲಿ ಬೇಯಿಸಿ, ಒಣಗಿಸಿ, ರಾಶಿ ಯಾವುದು, ಬೆಟ್ಟೆ ಯಾವುದು, ಗೊರಬಲು ಯಾವುದು ಎಂದು ಕಣ್ಣಳತೆಯಲ್ಲೇ ಬೇರ್ಪಡಿಸುವ ವಿದ್ಯೆಯನ್ನು ಇವರಿಗೆ ಕಲಿಸಬೇಕೆಂದು ಕೈ ಕಡಿಯುತ್ತದೆ. ಪಠ್ಯಕ್ರಮದಲ್ಲಿ ಅದಕ್ಕೆ ಜಾಗವಿಲ್ಲ.

ಹಿಂದೆ ನರಮಾಂಸ ತಿನ್ನುತ್ತಿದ್ದ ಜನರಿಗೆ ಬೌದ್ಧ ಗುರು ಪದ್ಮಸಂಭವರು ಅದರ ಬದಲು ಎಲೆ, ಅಡಕೆ, ಸುಣ್ಣ ಕೊಟ್ಟು ಬಿಡಿಸಿದರೆಂಬ ಕಥೆ ಇಲ್ಲಿದೆ. ವಾಸನೆ ಮಾತ್ರ ಉಳಿದುಕೊಂಡಿತೆಂದು ನಾನೊಮ್ಮೆ ಮೆಸ್ಸಿನಲ್ಲಿ ಹೇಳಿದ್ದಕ್ಕೆ ಯಾರೂ ನಗಲಿಲ್ಲ. ದೊಮಾ ಕೊಟ್ಟಾಗ ಬೇಡವೆನ್ನುವುದೂ ಸುಲಭವಲ್ಲ. ಬಾಯಿಗೆ ಕೈ ಅಡ್ಡ ಹಿಡಿದು ‘ಮೇಶು, ಮೇಶು’ ಎನ್ನುವುದು ಇಲ್ಲಿನ ಮರ್ಯಾದೆ; ಆದರೆ ಅದು ನಮ್ಮ ಊರಿನ ಪಂಕ್ತಿಯಲ್ಲಿ ಎಲೆಯ ಮೇಲೆ ಕೈ ಅಡ್ಡ ಹಿಡಿದು ‘ಸಾಕು, ಸಾಕು’ ಎಂದಂತೆ, ಬಡಿಸುವವನಿಗೆ ಇನ್ನಷ್ಟು ಬಡಿಸಲು ಕೊಟ್ಟ ಒಪ್ಪಿಗೆ. ಎರಡನೆಯ ಸಲವೋ ಮೂರನೆಯ ಸಲವೋ ತೆಗೆದುಕೊಳ್ಳಲೇಬೇಕು. ನಿಜವಾಗಿಯೂ ಬೇಡವಾದವನು ಹೇಳಬೇಕಾದ ಮಾತು ಜೊಂಖಾ ಭಾಷೆಯಲ್ಲಿ ಇದ್ದರೆ, ಅದನ್ನು ನನಗೆ ಇನ್ನೂ ಯಾರೂ ಕಲಿಸಿಲ್ಲ.

ಹೀಗಿರುವಾಗ 2022ರ ಸೆಪ್ಟೆಂಬರಿನ ಕೊನೆಯಲ್ಲಿ, ಭೂತಾನದಿಂದ ಪ್ರತಿ ವರ್ಷ 17,000 ಟನ್ ಹಸಿ ಅಡಕೆಯನ್ನು ಕನಿಷ್ಠ ಆಮದು ಬೆಲೆಯ ಕಟ್ಟಳೆಯಿಲ್ಲದೆ ಗಡಿಯ ಜೈಗಾಂವ್ ಮೂಲಕ ತರಿಸಿಕೊಳ್ಳಲು ಭಾರತ ಅನುಮತಿ ಕೊಟ್ಟಿತು. ಮಲೆನಾಡಿನಲ್ಲಿ ಬೆಂಕಿ ಬಿದ್ದಂತಾಯಿತು. ಚಿಕ್ಕಪ್ಪನ ಫೋನು ಬಂದಾಗ ಅಲ್ಲಿ ರಾತ್ರಿ ಒಂಬತ್ತು, ಅರ್ಧ ಗಂಟೆ ಮುಂದಿರುವ ಇಲ್ಲಿ ಒಂಬತ್ತೂವರೆ. “ಎಂತ ಮಾರಾಯ, ನೀನು ಅವ್ರಿಗೆ ಬಂದೂಕು ಹೊಡಿಯೋದು ಕಲ್ಸೋದು, ಅವ್ರು ನಮ್ಮ ಹೊಟ್ಟೆಗೆ ಹೊಡಿಯೋದು!” ಎಂದರು. ಆ ಇಲಾಖೆಯೇ ಬೇರೆ, ನನ್ನ ಕೆಲಸವೇ ಬೇರೆ ಎಂದು ವಿವರಿಸಿದೆ. “ಅಲ್ಲಿದ್ದುಕೊಂಡು ಒಂದು ಮಾತು ಹೇಳಕ್ಕಾಗ್ಲಿಲ್ವಾ ನಿಂಗೆ?” ಎಂದರು. ಮರುದಿನ ಬೆಳಗ್ಗೆ ಸಾರ್ಜೆಂಟರು ಎಂದಿನಂತೆ ನಗುತ್ತ ದೊಮಾ ಚಾಚಿದಾಗ, ನನಗೆ ಕ್ಷಣಕಾಲ ಅವರ ಕೈಯಲ್ಲಿ ಹದಿನೇಳು ಸಾವಿರ ಟನ್ನೂ ಕಾಣಿಸಿತು. ತೆಗೆದುಕೊಂಡೆ. ಕಿವಿ ಬೆಚ್ಚಗಾಗಿ ಹಣೆಯಲ್ಲಿ ಬೆವರೊಡೆಯಿತು. ಆ ಚಳಿಯಲ್ಲಿ ಅದು ಹಿತವಾಗಿತ್ತೆಂದು ಒಪ್ಪಿಕೊಳ್ಳಲು ಇಂದಿಗೂ ಮನಸ್ಸಿಲ್ಲ.

ರಜೆಗೆ ಹೊರಟಾಗ ಎರಡು ಅಡಕೆಯನ್ನು ಪ್ಲಾಸ್ಟಿಕ್ಕಿನಲ್ಲಿ ಮೂರು ಸುತ್ತು ಸುತ್ತಿ ಒಯ್ದೆ. ಚಿಕ್ಕಪ್ಪ ಜಗಲಿಯಲ್ಲಿ ಕುಳಿತು ಒಂದನ್ನು ಅಡಕತ್ತರಿಗೆ ಕೊಟ್ಟು, ಹೋಳನ್ನು ಮೂಗಿನ ಹತ್ತಿರ ತಂದು, ಏನೂ ಹೇಳದೆ ಅಂಗಳಕ್ಕೆ ಎಸೆದರು. ನಾಯಿ ಓಡಿ ಬಂದು ಮೂಸಿ, ಬಾಲ ಮುದುರಿಕೊಂಡು ಹೋಯಿತು. ಚಿಕ್ಕಪ್ಪ ಕೈಯನ್ನು ಎರಡು ಸಲ ಸೋಪು ಹಾಕಿ ತೊಳೆದು ಬಂದು, ಹರಿವಾಣವನ್ನು ಎಳೆದುಕೊಂಡು, ನಮ್ಮ ಅಡಕೆಯನ್ನು ಕತ್ತರಿಸುತ್ತ ಬಹಳ ಹೊತ್ತು ಸುಮ್ಮನಿದ್ದರು.

“ಅದಕ್ಕೆ ಕ್ವಿಂಟಲಿಗೆ ಎಷ್ಟು ಕೊಡ್ತಾರಂತೆ?” ಎಂದು ಆಮೇಲೆ ಕೇಳಿದರು.