ಮಗುವಿನ ಐಕ್ಯೂ ರಿಪೋರ್ಟ್ ಕೈಗೆ ಬಂದಾಗ

ಈಗ ಮಗುವಿನ ಭವಿಷ್ಯ ಹೇಳೋಕೆ ಜಾತಕ ಬೇಡ, ಬೆರಳು ಸಾಕಂತೆ. ಹತ್ತು ಬೆರಳನ್ನೂ ಸ್ಕ್ಯಾನರ್ ಮೇಲೆ ಒತ್ತಿಸುತ್ತಾರೆ. ಕೆಲವು ದಿನಕ್ಕೆ ಸ್ಪೈರಲ್ ಬೈಂಡಿಂಗ್ ಮಾಡಿದ ಬಣ್ಣದ ರಿಪೋರ್ಟ್ ಬರುತ್ತದೆ. ಎಡ ಮಿದುಳು ಇಷ್ಟು ಪರ್ಸೆಂಟ್, ಬಲ ಮಿದುಳು ಇಷ್ಟು ಪರ್ಸೆಂಟ್, ಪಿಯುಸಿಗೆ ಸೈನ್ಸ್ ಕೊಡಿಸಬಹುದೋ ಕಾಮರ್ಸ್ ಕೊಡಿಸಬಹುದೋ, ಎಲ್ಲ ಅದರಲ್ಲೇ ಇರುತ್ತದೆ. ಡಿಎಂಐಟಿ ಅಂತ ಅದರ ಹೆಸರು. ದಾವಣಗೆರೆಯ ನಮ್ಮ ಬೀದಿಯವರೊಬ್ಬರು ಮಗನ ರಿಪೋರ್ಟ್ ತಂದು, "ಮೇಡಂ, ನೀವು ಸೈಕಾಲಜಿ ಓದ್ತಿದ್ದೀರಲ್ಲ, ಸ್ವಲ್ಪ ನೋಡಿ ಹೇಳಿ" ಅಂದರು. ಮಗನ ಶಾಲೆಯವರೇ ಮಾಡಿಸಿದ್ದಂತೆ. ಯಾವ ಶಾಲೆ ಅನ್ನೋದು ಇಲ್ಲಿ ಬೇಡ.

ನಾನು ಹೈಸ್ಕೂಲ್ ಟೀಚರ್. ದೂರಶಿಕ್ಷಣದಲ್ಲಿ ಸೈಕಾಲಜಿ ಎಂ.ಎ. ಮಾಡುತ್ತಿದ್ದೇನೆ. ಯಾವ ಮಗುವಿನ ಐಕ್ಯೂ ರಿಪೋರ್ಟಿಗೂ ಸಹಿ ಹಾಕುವ ಅರ್ಹತೆ ನನಗಿಲ್ಲ, ಬರೀ ಎಂ.ಎ. ಮುಗಿಸಿದರೆ ಬರುವುದೂ ಇಲ್ಲ. ಆದರೆ ಅಸೆಸ್‌ಮೆಂಟ್ ಪೇಪರ್, ಅಂದರೆ ಬುದ್ಧಿ, ಮನಸ್ಸು ಅಳೆಯುವ ವಿದ್ಯೆಯ ಪಾಠ, ಓದುತ್ತಾ ಒಂದು ವಿಷಯ ಗಟ್ಟಿಯಾಗಿ ಅನಿಸಿದೆ. ಈ ವಿದ್ಯೆಯ ಮೂಲ ಪಾಠ ಟೀಚರ್‌ಗಳಿಗೂ ಪಾಲಕರಿಗೂ ಗೊತ್ತಿರಬೇಕು. ನಾವು ಟೆಸ್ಟ್ ಮಾಡಬೇಕು ಅಂತ ಹೇಳುತ್ತಿಲ್ಲ. ಯಾರೋ ಒಂದು ನಂಬರ್ ಬರೆದು ಕೊಟ್ಟರೆ ಅದರ ಮುಂದೆ ಬಾಯಿ ಮುಚ್ಚಿಕೊಂಡು ಕೂರಬಾರದು, ಅಷ್ಟೇ.

ಐಕ್ಯೂ ಟೆಸ್ಟಿನ ಹುಟ್ಟು ನೋಡಿ. ಮಾಮೂಲಿ ಕ್ಲಾಸಿನಲ್ಲಿ ಹಿಂದೆ ಬೀಳುವ ಮಕ್ಕಳನ್ನು ಗುರುತಿಸಿ ಅವರಿಗೆ ಬೇರೆ ಥರ ಕಲಿಸಬೇಕು ಅಂತ 1904ರಲ್ಲಿ ಫ್ರಾನ್ಸ್ ಸರ್ಕಾರ ಒಂದು ಸಮಿತಿ ಮಾಡಿತು. ಅದರಲ್ಲಿ ಆಲ್ಫ್ರೆಡ್ ಬಿನೆ ಅನ್ನುವ ಸೈಕಾಲಜಿಸ್ಟ್ ಇದ್ದರು. ಅವರೂ ಥಿಯೊಡೊರ್ ಸಿಮೋನೂ ಸೇರಿ 1905ರಲ್ಲಿ 30 ಪ್ರಶ್ನೆಗಳ ಒಂದು ಟೆಸ್ಟ್ ತಂದರು. ಯಾವ ಮಗುವಿಗೆ ಸಹಾಯ ಬೇಕು ಅನ್ನುವ ಒಂದು ಪ್ರಶ್ನೆಗೆ ಮಾಡಿದ ಟೆಸ್ಟ್ ಅದು. ಬುದ್ಧಿ ಅಂದರೆ ಹುಟ್ಟಿನಿಂದ ಕೊನೆತನಕ ಅಷ್ಟೇ, ಜಾಸ್ತಿಯಾಗಲ್ಲ ಅನ್ನುವವರನ್ನು ಬಿನೆ 1909ರಲ್ಲೇ ಖಂಡಿಸಿ ಬರೆದಿದ್ದರು. ಆಮೇಲೆ ಟೆಸ್ಟ್ ಅಮೆರಿಕಕ್ಕೆ ಹೋಯಿತು, 1916ರಲ್ಲಿ ಸ್ಟ್ಯಾನ್‌ಫರ್ಡ್-ಬಿನೆ ಅನ್ನುವ ಹೊಸ ರೂಪ ಪಡೆಯಿತು. ಆ ಪ್ರಶ್ನೆ ಹಿಂದೆ ಸರಿದು ನಂಬರ್ ಮುಂದೆ ಬಂತು.

ನಮ್ಮಲ್ಲೂ ಹಾಗೇ ಆಗುತ್ತದೆ. "ಇವನ ಐಕ್ಯೂ ಒಂದ್ಸಲ ನೋಡಿಸಿ" ಅಂತ ಪಾಲಕರಿಗೆ ಹೇಳಿ ಕೈತೊಳೆದುಕೊಳ್ಳುತ್ತೇವೆ. ಏನನ್ನು ತಿಳಿಯಬೇಕು ಅಂತ ಕೇಳಿದರೆ ಉತ್ತರ ಇರುವುದಿಲ್ಲ. ಎಂಟನೇ ಕ್ಲಾಸಿನ ಹುಡುಗ ಓದುವುದಿಲ್ಲ ಅನ್ನಿ. ಕಣ್ಣು ಕಾಣುತ್ತದಾ? ಕಿವಿ ಸರಿಯಾಗಿ ಕೇಳಿಸುತ್ತದಾ? ತಾಂಡಾದ ಮಗು ಆದರೆ ಮನೆಯಲ್ಲಿ ಲಂಬಾಣಿ, ಏಳನೇವರೆಗೆ ಕನ್ನಡ, ಈಗ ಏಕಾಏಕಿ ಇಂಗ್ಲಿಷ್ ಮೀಡಿಯಂ. ಅಪ್ಪ ಅಮ್ಮ ಕೆಲಸ ಹುಡುಕಿಕೊಂಡು ಊರು ಬಿಟ್ಟಾಗ ಎಷ್ಟು ತಿಂಗಳು ಶಾಲೆ ತಪ್ಪಿದೆ? ರಾತ್ರಿ ನಿದ್ದೆ ಮಾಡುತ್ತಾನಾ? ಮೊದಲಿಂದಲೂ ಹೀಗೇನಾ, ಹೋದ ವರ್ಷದಿಂದ ಹೀಗಾದನಾ? ಮೊದಲಿಂದ ಇದ್ದದ್ದು ಬೇರೆ, ನಡುವೆ ಶುರುವಾದದ್ದು ಬೇರೆ. ಎರಡಕ್ಕೂ ಒಂದೇ ಟೆಸ್ಟ್ ಹಾಕಿದರೆ ಏನು ಪ್ರಯೋಜನ? ಸರಿಯಾಗಿ ಕಲಿತವರು ಮಗುವಿನ ಜೊತೆ ಮಾತಾಡುತ್ತಾರೆ, ಪಾಲಕರ ಜೊತೆ ಮಾತಾಡುತ್ತಾರೆ, ನೋಟ್‌ಬುಕ್ ನೋಡುತ್ತಾರೆ, ಮಗು ಕೂರುವುದು ಏಳುವುದು ಗಮನಿಸುತ್ತಾರೆ. ಟೆಸ್ಟ್ ಅದರಲ್ಲಿ ಒಂದು ಭಾಗ ಮಾತ್ರ.

ಏನನ್ನು ತಿಳಿಯಬೇಕು ಅನ್ನುವುದು ಮೊದಲ ಪಾಠ. ಎರಡನೆಯದು, ಮಗುವನ್ನು ಯಾರ ಜೊತೆ ಹೋಲಿಸುತ್ತಿದ್ದೀರಿ ಅನ್ನುವುದು. ಐಕ್ಯೂ 100 ಅಂದರೆ ನೂರಕ್ಕೆ ನೂರು ಅಲ್ಲ. ಅದೇ ವಯಸ್ಸಿನ ಮಕ್ಕಳ ಸರಾಸರಿ ಅದು. ಸುಮಾರು 68 ಶೇಕಡಾ ಮಕ್ಕಳು 85ರಿಂದ 115ರ ಒಳಗೆ ಬರುತ್ತಾರೆ. ಹಾಗಾದರೆ ಆ ಸರಾಸರಿ ತೆಗೆದದ್ದು ಯಾವ ಊರಿನ, ಯಾವ ಭಾಷೆಯ ಮಕ್ಕಳಿಂದ? ಯಾವ ಕಾಲದಲ್ಲಿ? ಇದಕ್ಕೆ ನಾರ್ಮ್ಸ್ ಅನ್ನುತ್ತಾರೆ. ನಮಗೆ ಹೆಮ್ಮೆ ಪಡುವ ವಿಷಯವೂ ಇದೆ. 1930ರ ದಶಕದಲ್ಲೇ ವಿ. ವಿ. ಕಾಮತ್ ಅವರು ಬಿನೆ ಟೆಸ್ಟನ್ನು ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಹೊಂದಿಸಿದರು. ಬಿನೆ-ಕಾಮತ್ ಟೆಸ್ಟ್ ಅಂತ ಇವತ್ತಿಗೂ ರಿಪೋರ್ಟುಗಳಲ್ಲಿ ಹೆಸರು ಕಾಣುತ್ತದೆ. ಶಾಲೆಗೆ ಹೋಗದ ಮಕ್ಕಳಿಗೂ ಆಗಬೇಕು ಅಂತ ಸಿ. ಎಂ. ಭಾಟಿಯಾ 1955ರಲ್ಲಿ ಬ್ಲಾಕು, ಚಿತ್ರ ಜೋಡಿಸುವ ಟೆಸ್ಟುಗಳನ್ನು ತಂದರು.

ಆದರೆ ಹಳೆಯ ನಾರ್ಮ್ಸ್ ಇಟ್ಟುಕೊಂಡು ಇವತ್ತಿನ ಮಗುವನ್ನು ಅಳೆದರೆ ತೊಂದರೆ ಇದೆ. 20ನೇ ಶತಮಾನದಲ್ಲಿ ಎಷ್ಟೋ ದೇಶಗಳಲ್ಲಿ ಈ ಅಂಕಗಳು ಹತ್ತು ವರ್ಷಕ್ಕೆ ಸುಮಾರು 3ರಂತೆ ಏರಿವೆ. ಫ್ಲಿನ್ ಎಫೆಕ್ಟ್ ಅಂತ ಅದಕ್ಕೆ ಹೆಸರು. ಹಾಗಾಗಿ ಹಳೆಯ ಅಳತೆಯಲ್ಲಿ ಮಗುವಿನ ಅಂಕ ಇರುವುದಕ್ಕಿಂತ ಜಾಸ್ತಿ ಕಾಣಬಹುದು. ಸಹಾಯ ಸಿಗಬೇಕಾದ ಮಗು 'ನಾರ್ಮಲ್' ಪಟ್ಟಿಗೆ ಸೇರಿಬಿಡಬಹುದು. ಓದಿನ ವಿಷಯದಲ್ಲಿ ಇದು ಇನ್ನೂ ಸೂಕ್ಷ್ಮ. ಇಂಗ್ಲಿಷಿಗೆ 26 ಅಕ್ಷರ. ನಮಗೆ ಕಾಗುಣಿತ, ಒತ್ತಕ್ಷರ ಸೇರಿದರೆ ನೂರಾರು. ಕನ್ನಡ ಮಕ್ಕಳ ಓದಿನ ಬಗ್ಗೆ ಸಂಶೋಧಕಿ ಸೊನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ತೋರಿಸುತ್ತದೆ. ಅಕ್ಷರ ಕಲಿಕೆ ನಮ್ಮಲ್ಲಿ ಒಂದೆರಡು ಕ್ಲಾಸಿಗೆ ಮುಗಿಯುವುದಿಲ್ಲ, ನಾಲ್ಕನೇ ಕ್ಲಾಸಿನವರೆಗೂ ನಡೆಯುತ್ತಿರುತ್ತದೆ. ಇಂಗ್ಲಿಷ್ ಅಳತೆ ಹಿಡಿದು ಎರಡನೇ ಕ್ಲಾಸಿನ ಕನ್ನಡ ಮಗುವಿಗೆ 'ಡಿಸ್‌ಲೆಕ್ಸಿಯಾ' (ಓದು ಕಲಿಯುವುದರಲ್ಲಿನ ತೊಂದರೆ) ಅನ್ನುವವರಿಗೆ ಇದು ಗೊತ್ತಿರಬೇಡವಾ?

ಇನ್ನು ಟೆಸ್ಟ್ ಎಷ್ಟು ಒಳ್ಳೆಯದು ಅನ್ನುವ ಮಾತು. ಎಪಿಎಂಸಿಗೆ ಮೆಕ್ಕೆಜೋಳ ತರುವ ನಮ್ಮ ರೈತರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಒಂದೇ ಚೀಲವನ್ನು ಮೂರು ಸಲ ಇಟ್ಟರೂ ಕಾಟಾ ಒಂದೇ ತೂಕ ತೋರಿಸಿತು ಅನ್ನಿ. ಒಳ್ಳೆಯದೇ. ಆದರೆ ಮೂರು ಸಲವೂ ಎರಡು ಕೆಜಿ ಕಡಿಮೆ ತೋರಿಸುತ್ತಿರಬಹುದಲ್ಲ? ಪ್ರತಿ ಸಲ ಒಂದೇ ಉತ್ತರ ಬರುವುದು ರಿಲಯಬಿಲಿಟಿ. ಅಳೆಯಬೇಕಾದ್ದನ್ನೇ ಅಳೆಯುವುದು ವ್ಯಾಲಿಡಿಟಿ. ಈಗ ಆ ಬೆರಳಚ್ಚಿನ ರಿಪೋರ್ಟಿಗೆ ಬನ್ನಿ. ಬೆರಳಚ್ಚು ಅಷ್ಟು ಸುಲಭಕ್ಕೆ ಬದಲಾಗುವುದಿಲ್ಲ, ಆಧಾರ್‌ಗೂ ಅದನ್ನು ಬಳಸುತ್ತಾರೆ. ಇವತ್ತು ಒತ್ತಿದರೂ ಹತ್ತು ವರ್ಷದ ಮೇಲೆ ಒತ್ತಿದರೂ ಅದೇ ಗೆರೆ. ಹಾಗಂತ ಆ ಗೆರೆಗೂ ಮಗುವಿನ ಗಣಿತಕ್ಕೂ ಸಂಬಂಧ ಇದೆ ಅಂತ ಯಾರು ತೋರಿಸಿದರು? ಭಾರತೀಯ ಮನೋವೈದ್ಯರ ಸಂಘವೇ ಡಿಎಂಐಟಿಗೆ ವೈಜ್ಞಾನಿಕ ಆಧಾರ ಇಲ್ಲ ಅಂತ ಹೇಳಿದೆ. ಡೌನ್ ಸಿಂಡ್ರೋಮ್ ಇರುವ ಕೆಲವು ಮಕ್ಕಳ ಅಂಗೈ ಗೆರೆಯಲ್ಲಿ ವ್ಯತ್ಯಾಸ ಕಾಣುವುದು ನಿಜ. ಆ ಒಂದು ಎಳೆ ಹಿಡಿದು ಪಿಯುಸಿ ಕಾಂಬಿನೇಷನ್ ತನಕ ಎಳೆದುಬಿಟ್ಟರೆ ಹೇಗೆ?

"ಆದರೆ ಮೇಡಂ, ನನ್ನ ಮಗನ ಬಗ್ಗೆ ಬರೆದಿದ್ದೆಲ್ಲ ಸರಿಯಾಗೇ ಇದೆಯಲ್ಲ" ಅಂದರು ರಿಪೋರ್ಟ್ ತಂದಿದ್ದ ನಮ್ಮ ಬೀದಿಯವರು. ಇರುತ್ತದೆ. ಅಮೆರಿಕದ ಬರ್ಟ್ರಮ್ ಫೋರರ್ 1948ರಲ್ಲಿ ತನ್ನ 39 ವಿದ್ಯಾರ್ಥಿಗಳಿಗೆ ಪರ್ಸನಾಲಿಟಿ ಟೆಸ್ಟ್ ಮಾಡಿ ಎಲ್ಲರಿಗೂ ಒಂದೊಂದು ಫಲಿತಾಂಶ ಕೊಟ್ಟರು. ಎಷ್ಟು ಸರಿಯಾಗಿದೆ ಅಂತ 5ಕ್ಕೆ ಅಂಕ ಹಾಕಿ ಅಂದರು. ಸರಾಸರಿ 4.26 ಬಂತು. ಅಸಲಿಗೆ ಎಲ್ಲರಿಗೂ ಕೊಟ್ಟದ್ದು ಒಂದೇ ಹಾಳೆ, ಅದರ ಸಾಲುಗಳನ್ನು ಹೆಚ್ಚಿನಂಶ ಜ್ಯೋತಿಷ್ಯದ ಪುಸ್ತಕದಿಂದ ಎತ್ತಿದ್ದು. "ಬುದ್ಧಿವಂತ, ಆದರೆ ಪೂರ್ತಿ ಬಳಸಿಕೊಳ್ಳುತ್ತಿಲ್ಲ" ಅಂತ ಬರೆದರೆ ಯಾವ ತಾಯಿ ತಾನೇ ಅಲ್ಲ ಅನ್ನುತ್ತಾಳೆ!

ಸರಿಯಾದ ಟೆಸ್ಟಿಗೂ ಮಿತಿ ಇದೆ. ಎಲ್ಲಕ್ಕಿಂತ ಜಾಸ್ತಿ ಜನಕ್ಕೆ ಗೊತ್ತಿರಬೇಕಾದ ಪಾಠ ಅಂತ ನನಗನಿಸುವುದು ಇದೇ. ರಿಪೋರ್ಟಿನಲ್ಲಿ ಐಕ್ಯೂ 68 ಅಂತ ಇದೆ ಅಂದುಕೊಳ್ಳಿ. ಅದು ಗೆರೆ ಹೊಡೆದ ಹಾಗೆ 68 ಅಲ್ಲ. ರಿಲಯಬಿಲಿಟಿ 1ಕ್ಕೆ 0.91 ಇರುವ ಒಳ್ಳೆಯ ಟೆಸ್ಟಿನಲ್ಲೂ ಲೆಕ್ಕ ಹಾಕಿದರೆ ಆಚೆ ಈಚೆ ಸುಮಾರು 9 ಅಂಕ ಬಿಡಬೇಕು. ಅಂದರೆ ಮಗುವಿನ ನಿಜವಾದ ಅಂಕ 59ರಿಂದ 77ರ ನಡುವೆ ಎಲ್ಲೋ ಇರಬಹುದು ಅನ್ನುವುದಷ್ಟೇ ನಾವು ಹೇಳಬಹುದಾದ್ದು. ಬೌದ್ಧಿಕ ಅಂಗವೈಕಲ್ಯ ಅಂತ ಹೇಳೋಕೆ ಸಾಮಾನ್ಯವಾಗಿ ನೋಡುವ 70ರ ಗೆರೆಗಿಂತ ಒಂದು ಕಡೆ ಕೆಳಗೆ, ಇನ್ನೊಂದು ಕಡೆ ಮೇಲೆ. ಸರ್ಟಿಫಿಕೇಟ್, ಪಿಂಚಣಿ, ಶಾಲೆಯ ಸೌಲಭ್ಯ, ಎಲ್ಲ ಆ ಗೆರೆಯ ಸುತ್ತ ನಿಂತಿವೆ. ಅದಕ್ಕೇ ಬರೀ ಐಕ್ಯೂ ನೋಡಿ ಬೌದ್ಧಿಕ ಅಂಗವೈಕಲ್ಯ ಅಂತ ಹೇಳಬಾರದು. ಮಗು ತನ್ನ ಬಟ್ಟೆ ತಾನೇ ಹಾಕಿಕೊಳ್ಳುತ್ತದಾ, ಅಂಗಡಿಗೆ ಹೋಗಿ ಚಿಲ್ಲರೆ ತರುತ್ತದಾ, ಒಬ್ಬನೇ ಬಸ್ ಹತ್ತುತ್ತಾನಾ ಅಂತಲೂ ನೋಡಬೇಕು. ವೈನ್‌ಲ್ಯಾಂಡ್ ಸ್ಕೇಲ್ ಇರುವುದು ಅದಕ್ಕೆ. ಅದರ ಉತ್ತರ ಕೊಡುವವರು ಅಮ್ಮಂದಿರು. ಕೆಲವರು ನಾಚಿಕೆಗೆ ಜಾಸ್ತಿ ಹೇಳುತ್ತಾರೆ, ಕೆಲವರು ಸರ್ಟಿಫಿಕೇಟಿಗಾಗಿ ಕಡಿಮೆ ಹೇಳುತ್ತಾರೆ. ನಾನು ಯಾರನ್ನೂ ಬೈಯುವುದಿಲ್ಲ.

ಈಗ ಕಾಲೇಜು ಹಾಸ್ಟೆಲುಗಳಲ್ಲಿ ಇನ್ನೊಂದು ಶುರುವಾಗಿದೆ. ಗೂಗಲ್ ಫಾರ್ಮಿನಲ್ಲಿ ಡಿಪ್ರೆಶನ್ ಟೆಸ್ಟ್. ಬಹಳ ಸಲ ಅದು ಪಿಎಚ್‌ಕ್ಯೂ-9. ಒಂಬತ್ತು ಪ್ರಶ್ನೆ, ಒಟ್ಟು 27 ಅಂಕ, 10 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಮುಂದೆ ವಿಚಾರಿಸಬೇಕು. 2001ರ ಮೂಲ ಅಧ್ಯಯನದಲ್ಲಿ ಅದು ಡಿಪ್ರೆಶನ್ ಇದ್ದವರಲ್ಲಿ 88 ಶೇಕಡಾ ಜನರನ್ನು ಹಿಡಿಯಿತು, ಇಲ್ಲದವರಲ್ಲಿ 88 ಶೇಕಡಾ ಜನರನ್ನು ಸರಿಯಾಗಿ ಬಿಟ್ಟಿತು. ಚೆನ್ನಾಗೇ ಇದೆ ಅನ್ನಿಸುತ್ತದೆ. ಸುಮ್ನೆ ಲೆಕ್ಕಕ್ಕೆ ಅಂತ 1000 ಮಕ್ಕಳು, ಅವರಲ್ಲಿ 50 ಜನಕ್ಕೆ ನಿಜವಾಗಿ ತೊಂದರೆ ಇದೆ ಅಂತಿಟ್ಟುಕೊಳ್ಳಿ. 44 ಜನ ಸಿಗುತ್ತಾರೆ, 6 ಜನ ತಪ್ಪಿಹೋಗುತ್ತಾರೆ. ಉಳಿದ 950ರಲ್ಲಿ 114 ಜನಕ್ಕೆ ಸುಮ್ನೆ ಹಣೆಪಟ್ಟಿ. 158 ಹೆಸರಿನ ಪಟ್ಟಿಯಲ್ಲಿ ಮುಕ್ಕಾಲು ಪಾಲಿನಷ್ಟು ಮಕ್ಕಳಿಗೆ ಡಿಪ್ರೆಶನ್ ಇಲ್ಲ. ಹಾಗಾಗಿ ಆ ಪಟ್ಟಿ ವಾರ್ಡನ್ ವಾಟ್ಸಾಪ್ ಗ್ರೂಪಿಗೆ ಹೋಗಬಾರದು. ಇನ್ನೊಂದು ಮಾತು. ಒಂಬತ್ತನೇ ಪ್ರಶ್ನೆ ಸಾಯುವ ಯೋಚನೆಯ ಬಗ್ಗೆ. ಅದಕ್ಕೆ ಹೌದು ಅಂದ ಮಗುವಿನ ಜೊತೆ ಅವತ್ತೇ ಕೂತು ಮಾತಾಡೋಕೆ ಜನ ಇಲ್ಲದಿದ್ದರೆ ಆ ಫಾರ್ಮ್ ಕಳಿಸಲೇಬೇಡಿ. 14416, ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ.

ರಿಪೋರ್ಟ್ ಕೈಗೆ ಬಂದರೆ ನಾನು ಮೊದಲು ಕೊನೆಯ ಪುಟ ನೋಡುತ್ತೇನೆ. ಸಹಿ ಮಾಡಿದವರು ಕ್ಲಿನಿಕಲ್ ಸೈಕಾಲಜಿಸ್ಟ್ ಆದರೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ನಂಬರ್ ಇರಬೇಕು. ಆಮೇಲೆ ಯಾವ ಟೆಸ್ಟ್, ಯಾವ ಭಾಷೆಯಲ್ಲಿ ಮಾಡಿದರು, ಮಗು ಅವತ್ತು ಹೇಗಿತ್ತು, ಮುಂದೆ ಏನು ಮಾಡಬೇಕು. ಈ ಕೊನೆಯದು ಇಲ್ಲದೆ ಬರೀ ನಂಬರ್ ಇದ್ದರೆ ವಾಪಸ್ ಹೋಗಿ ಕೇಳಿ. ಸಂಕೋಚ ಬೇಡ, ದುಡ್ಡು ಕೊಟ್ಟಿದ್ದೀರಿ. ಯೂಟ್ಯೂಬ್ ನೋಡಿ ಟೆಸ್ಟಿನ ಪ್ರಶ್ನೆಗಳನ್ನು ಮನೆಯಲ್ಲೇ ಪ್ರಾಕ್ಟೀಸ್ ಮಾಡಿಸಿ ಕರೆದುಕೊಂಡು ಹೋಗಬೇಡಿ, ಆಮೇಲೆ ಆ ಟೆಸ್ಟ್ ಯಾವ ಕೆಲಸಕ್ಕೂ ಬರಲ್ಲ.

ಟೀಚರ್‌ಗಳಾದ ನಾವು ಮಾಡಬೇಕಾದ್ದು ಒಂದು ಪುಟದ ಕೆಲಸ. ಮಗುವನ್ನು ಕಳಿಸುವಾಗ ಜೊತೆಗೆ ಬರೆದು ಕೊಡಬೇಕು. ಯಾವ ವಿಷಯದಲ್ಲಿ, ಯಾವಾಗಿನಿಂದ ತೊಂದರೆ, ಬೋರ್ಡಿನಿಂದ ಬರೆದುಕೊಳ್ಳುವಾಗ ಏನು ತಪ್ಪು, ಬಾಯಲ್ಲಿ ಕೇಳಿದರೆ ಉತ್ತರ ಬರುತ್ತದಾ, ಆಟದ ಮೈದಾನದಲ್ಲಿ ಹೇಗಿರುತ್ತಾನೆ. ಮಗುವನ್ನು ಒಂದೆರಡು ಗಂಟೆ ನೋಡುವವರಿಗೆ ವರ್ಷಪೂರ್ತಿ ನೋಡುವವರ ಮಾತು ಬೇಕೇ ಬೇಕು. ನಾನು ನಮ್ಮ ಶಾಲೆಗೆ ಅಂತ ಕನ್ನಡದಲ್ಲಿ ಒಂದು ನಮೂನೆ ಮಾಡಿಕೊಂಡಿದ್ದೇನೆ. ದಾವಣಗೆರೆ, ಚಿತ್ರದುರ್ಗ ಕಡೆಯ ಟೀಚರ್‌ಗಳು ಯಾರಿಗಾದರೂ ಬೇಕಿದ್ದರೆ ಕಾಮೆಂಟಿನಲ್ಲಿ ಹೇಳಿ, ಕಳಿಸುತ್ತೇನೆ. ಅದರಲ್ಲಿ ಬಿಟ್ಟುಹೋದ ಪ್ರಶ್ನೆ ಕಂಡರೆ ಅದನ್ನೂ ಹೇಳಿ, ಸೇರಿಸೋಣ.