ಅದೇ ಭಾಷಣ, ಇನ್ನೊಂದು ಸಲ

ಮೂವತ್ತಾರನೇ ವಯಸ್ಸಿಗೆ ಭಾಷಣ ಕಲಿಸುವ ತರಗತಿಗೆ ಸೇರಿದವನು ನಾನು. ಮೊದಲ ಅಸೈನ್‌ಮೆಂಟ್ ‘ನಿಮ್ಮ ಪರಿಚಯ, ಎರಡು ನಿಮಿಷ’. ಇದೇನು ಮಕ್ಕಳಾಟ ಅನ್ನಿಸಿತು. ಎದ್ದು ನಿಂತೆ. ಹೆಸರು ಹೇಳಿದೆ, ಕೆಲಸ ಹೇಳಿದೆ, ಅಲ್ಲಿಗೆ ಬಾಯಿ ಒಣಗಿತು. ಕೈಯಲ್ಲಿದ್ದ ಚೀಟಿ ಪಟಪಟ ಅನ್ನುವುದು ನನಗೇ ಕೇಳಿಸುತ್ತಿತ್ತು. ನಲವತ್ತು ಸೆಕೆಂಡಿಗೆ ‘ಇಷ್ಟು ಹೇಳಿ ನನ್ನ ಎರಡು ಮಾತು ಮುಗಿಸುತ್ತೇನೆ’ ಅಂತ ಕೂತುಬಿಟ್ಟೆ. ನಿಜಕ್ಕೂ ಎರಡೇ ಮಾತು ಆಡಿದ್ದೆ.

ಕೂತ ಮೇಲೆ ನೋಡಿ, ಹೇಳಬೇಕಿದ್ದದ್ದೆಲ್ಲ ಸಾಲಾಗಿ ಬಂದು ನಿಂತಿತು. ಮೇಡಂ ಕೂಡ ಒಳ್ಳೆಯ ಮಾತೇ ಹೇಳಿದರು: ಚೀಟಿ ಮೇಜಿನ ಮೇಲಿಡಿ, ಹೆಸರಿನಿಂದ ಶುರು ಮಾಡಬೇಡಿ, ಒಂದು ಘಟನೆಯಿಂದ ಶುರು ಮಾಡಿ. ಬರೆದುಕೊಂಡೆ. ‘ಮೇಡಂ, ಇದನ್ನೇ ಇನ್ನೊಂದ್ಸಲ ಮಾಡ್ಲಾ?’ ಅಂದೆ. ‘ಇದು ಮುಗೀತಲ್ಲ ಸರ್, ಮುಂದಿನ ವಾರ ಪಕ್ಕದವರ ಪರಿಚಯ ಮಾಡ್ಕೊಡೋದಿದೆ, ಅದಕ್ಕೆ ತಯಾರಾಗಿ’ ಅಂದರು. ಅವರ ಸಲಹೆ ನೋಟ್‌ಬುಕ್ಕಿನಲ್ಲೇ ಉಳಿಯಿತು.

ಆ ತರಗತಿಯ ಬಗ್ಗೆ ನನಗಿರುವುದು ಇದೊಂದೇ ತಕರಾರು. ಅಸೈನ್‌ಮೆಂಟುಗಳಲ್ಲಿ ದೋಷವಿಲ್ಲ. ಪ್ರತಿಯೊಂದನ್ನೂ ಒಂದೇ ಒಂದು ಸಲ ಮಾಡಿಸಿ, ಅಂಕ ಕೊಟ್ಟು, ಮುಂದಕ್ಕೆ ದಬ್ಬುತ್ತಾರಲ್ಲ, ದೋಷ ಇರುವುದು ಅಲ್ಲಿ. ಈಜು ಕಲಿಸುವವರು ಒಂದು ಸಲ ನೀರಿಗಿಳಿಸಿ ‘ಕಾಲು ಸರಿಯಾಗಿ ಬಡೀಲಿಲ್ಲ, ಹತ್ತಕ್ಕೆ ಐದು’ ಅಂದು ಮೇಲೆಳೆದರೆ ಹೇಗಿರುತ್ತೆ?

ಆ ಚಿಲ್ಲರೆ ಅಸೈನ್‌ಮೆಂಟುಗಳನ್ನು ನಾನೀಗ ಗೌರವದಿಂದಲೇ ನೋಡುತ್ತೇನೆ. ಒಂದು ವಸ್ತುವನ್ನು ಹಿಡಿದು ಮಾತಾಡು ಅಂದಾಗ ನಡುಗುವ ಕೈಗೆ ಒಂದು ಕೆಲಸ ಸಿಗುತ್ತದೆ, ನೋಡುವವರ ಕಣ್ಣು ಅರ್ಧ ಹೊತ್ತು ವಸ್ತುವಿನ ಮೇಲಿರುತ್ತದೆ. ಟೈ ಕಟ್ಟುವುದು ಹೇಗೆ ಅಂತ ಮಾಡಿ ತೋರಿಸುವಾಗ ಮಾತಿನ ಅನುಕ್ರಮ ತಾನಾಗಿ ಬರುತ್ತದೆ. ಎರಡನೇ ಸುತ್ತು ಹಾಕದೆ ಮೂರನೆಯದಕ್ಕೆ ಹೋಗುವ ಹಾಗಿಲ್ಲ. ಪಕ್ಕದವರನ್ನು ಪರಿಚಯಿಸುವುದು ನಿಜವಾಗಿ ಕೇಳಿಸಿಕೊಳ್ಳುವ ಪರೀಕ್ಷೆ. ವಿಷಯ ಬರೆದ ಚೀಟಿ ಎತ್ತಿ ತಟ್ಟನೆ ಮಾತಾಡುವುದು ಮಾತ್ರ ತೀರಾ ಹೊಸಬರಿಗೆ ಬೇಡ ಅಂತ ನನ್ನ ಅಭಿಪ್ರಾಯ. ಒಪ್ಪದವರು ಜಗಳಕ್ಕೆ ಬರಬಹುದು.

ಹೆದರಿಕೆಯ ವಿಷಯಕ್ಕೆ ಬರುತ್ತೇನೆ. ನಾಲ್ಕು ಜನರ ಮುಂದೆ ನಿಂತಾಗ ಎದೆ ಹೊಡೆದುಕೊಂಡರೆ ಅದು ನಿಮ್ಮೊಬ್ಬರ ದೌರ್ಬಲ್ಯವಲ್ಲ. ಪ್ರಯೋಗಾಲಯದಲ್ಲಿ ಮನುಷ್ಯರಿಗೆ ಬೇಕೆಂದೇ ಒತ್ತಡ ಹುಟ್ಟಿಸಲು ಜರ್ಮನಿಯ ಟ್ರಿಯರ್ ವಿಶ್ವವಿದ್ಯಾಲಯದ ವಿಜ್ಞಾನಿಗಳು 1993ರಲ್ಲಿ ಪ್ರಕಟಿಸಿದ ವಿಧಾನವನ್ನು ಇವತ್ತಿಗೂ ಜಗತ್ತಿನಾದ್ಯಂತ ಬಳಸುತ್ತಾರೆ. ಅದರಲ್ಲಿ ಇರುವುದೇನು? ಮುಖದಲ್ಲಿ ಯಾವ ಭಾವವನ್ನೂ ತೋರಿಸದ ತೀರ್ಪುಗಾರರ ಎದುರು ಐದು ನಿಮಿಷ ಭಾಷಣ, ಆಮೇಲೆ ಐದು ನಿಮಿಷ ಬಾಯಿಲೆಕ್ಕ. ಅಷ್ಟಕ್ಕೇ ರಕ್ತದಲ್ಲಿ, ಜೊಲ್ಲಿನಲ್ಲಿ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನು ಏರುತ್ತದೆ. ನಮ್ಮ ತರಗತಿಯ ಹಿಂದಿನ ಬೆಂಚಿನಲ್ಲಿ ಕೈಕಟ್ಟಿ ಕೂತಿರುತ್ತಿದ್ದ ಇಬ್ಬರು ಇದನ್ನು ಓದಿದ್ದರೇನೋ ಅಂತ ನನಗೆ ಗುಮಾನಿಯಿದೆ.

ಎದೆಬಡಿತ ತುಂಬಾ ಜೋರಾಗಿರುವುದು ಸಾಮಾನ್ಯವಾಗಿ ಮಾತಿಗೆ ತೊಡಗುವ ಹೊತ್ತಿನಲ್ಲಿ, ಮೊದಲ ನಿಮಿಷದ ಆಸುಪಾಸಿನಲ್ಲಿ. ಆಮೇಲೆ ಮೈ ಹೊಂದಿಕೊಳ್ಳುತ್ತಾ ಇಳಿಯುತ್ತದೆ. ಈಗ ಲೆಕ್ಕ ಹಾಕಿ: ಎರಡು ನಿಮಿಷದ ಅಸೈನ್‌ಮೆಂಟಿನಲ್ಲಿ ಅರ್ಧಭಾಗ ಅತಿ ಕೆಟ್ಟ ನಿಮಿಷವೇ. ಮೈ ಹದಕ್ಕೆ ಬರುವ ಹೊತ್ತಿಗೆ ಚಪ್ಪಾಳೆ, ಕೂತ್ಕೊಳ್ಳಿ. ತಿಂಗಳುಗಟ್ಟಲೆ ಹೀಗೇ ನಡೆದರೆ ಕಲಿಯುವವನಿಗೆ ಗೊತ್ತಿರುವುದು ಭಾಷಣದ ಮೊದಲ ನಿಮಿಷ ಮಾತ್ರ. ಅಲ್ಲೇ, ಆಗಲೇ, ಅದೇ ಜನರ ಮುಂದೆ ಎರಡನೇ ಸಲ ನಿಲ್ಲಿಸಿ ನೋಡಿ. ಮುಂದೇನು ಹೇಳಬೇಕು ಅನ್ನುವ ಹುಡುಕಾಟ ಇರುವುದಿಲ್ಲವಾದ್ದರಿಂದ ಆತ ಮೊದಲ ಬಾರಿಗೆ ಎದುರಿಗಿರುವ ಮುಖಗಳನ್ನು ನೋಡುತ್ತಾನೆ.

ಇನ್ನೊಂದು ವಿಷಯ. ನಮ್ಮ ನಡುಕ ಎಲ್ಲರಿಗೂ ಕಾಣುತ್ತಿದೆ ಅಂದುಕೊಂಡಿರುತ್ತೇವೆ, ಅಷ್ಟು ಕಾಣುವುದಿಲ್ಲ. ಸವಿಟ್‌ಸ್ಕಿ ಮತ್ತು ಗಿಲೊವಿಚ್ ಎಂಬ ಮನೋವಿಜ್ಞಾನಿಗಳು 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಈ ಸಂಗತಿಯನ್ನು ಯಾರಿಗೆ ಮೊದಲೇ ತಿಳಿಸಿ ಹೇಳಿದ್ದರೋ ಅವರ ಭಾಷಣ ಉಳಿದವರದ್ದಕ್ಕಿಂತ ಚೆನ್ನಾಗಿತ್ತು. ಬರೀ ತಿಳಿಸಿ ಹೇಳಿದ್ದಕ್ಕೆ! ನನ್ನ ವಿಡಿಯೋ ನೋಡಿದಾಗ ನಾನೂ ಬೆಪ್ಪಾದೆ. ಭೂಕಂಪ ಅಂದುಕೊಂಡಿದ್ದು ತೆರೆಯ ಮೇಲೆ ಚೀಟಿಯ ಮೂಲೆಯ ಸಣ್ಣ ಅದುರು, ಅಷ್ಟೇ.

ಅದೇ ಭಾಷಣ ಮತ್ತೆ ಮಾಡಿಸಿದರೆ ಬಾಯಿಪಾಠ ಆಗುವುದಿಲ್ಲವೇ ಅಂತ ಕೇಳುತ್ತಾರೆ. ಬಾಯಿಪಾಠ ಮಾಡುವವನು ಪದಗಳನ್ನು ಹಿಡಿದುಕೊಂಡಿರುತ್ತಾನೆ, ಒಂದು ಪದ ಜಾರಿದರೆ ಸಾಲೇ ಕುಸಿಯುತ್ತದೆ. ಮತ್ತೆ ಮತ್ತೆ ಹೇಳುವವನಿಗೆ ಪದ ಪ್ರತಿ ಸಲವೂ ಬೇರೆ, ವಿಷಯ ಮಾತ್ರ ಒಂದೇ. ನೀವು ಸ್ನೇಹಿತರಿಗೆ ಹತ್ತು ಸಲ ಹೇಳಿರುವ ಆ ಒಂದು ಪ್ರಸಂಗ ಇದೆಯಲ್ಲ, ಅದನ್ನು ಯಾವತ್ತಾದರೂ ಬಾಯಿಪಾಠ ಮಾಡಿದ್ರಾ? ಹತ್ತನೇ ಸಲಕ್ಕೆ ಎಲ್ಲಿ ನಿಲ್ಲಿಸಿದರೆ ನಗು ಬರುತ್ತೆ ಅಂತ ಕರಾರುವಾಕ್ಕಾಗಿ ಗೊತ್ತಿರುತ್ತೆ.

ಭಾಷೆ ಕಲಿಸುವವರಿಗೆ ಇದು ಹಳೆಯ ಸಂಗತಿ. 4-3-2 ಅನ್ನುವ ಅಭ್ಯಾಸವೊಂದಿದೆ, 1980ರ ದಶಕದಿಂದ ಬಳಕೆಯಲ್ಲಿದೆ. ಒಂದೇ ವಿಷಯವನ್ನು ಒಬ್ಬರಿಗೆ ನಾಲ್ಕು ನಿಮಿಷ ಹೇಳಬೇಕು, ಇನ್ನೊಬ್ಬರಿಗೆ ಮೂರು ನಿಮಿಷ, ಮತ್ತೊಬ್ಬರಿಗೆ ಎರಡು. ಕೇಳುವವರು ಬದಲಾಗುತ್ತಾರೆ, ಆದ್ದರಿಂದ ಯಾರಿಗೂ ಬೇಸರವಿಲ್ಲ. ಹೇಳುವವನ ತಡವರಿಕೆ ಕಡಿಮೆಯಾಗುತ್ತಾ ಬರುತ್ತದೆ. ಸಮಯ ಎಲ್ಲಿದೆ ಸ್ವಾಮಿ ಅನ್ನುವ ಮೇಷ್ಟ್ರುಗಳಿಗೆ ಒಂದು ಲೆಕ್ಕ: 30 ಜನ ಒಬ್ಬೊಬ್ಬರಾಗಿ ಎದ್ದು ನಾಲ್ಕು ನಿಮಿಷ ಮಾತಾಡಿದರೆ ಎರಡು ಗಂಟೆ. ಅದೇ 15 ಜೋಡಿ ಮಾಡಿ ಎಲ್ಲರನ್ನೂ ಒಟ್ಟಿಗೆ ಬಿಟ್ಟರೆ, ಒಬ್ಬರಿಗೆ 9 ನಿಮಿಷದಂತೆ 18 ನಿಮಿಷ, ಜಾಗ ಬದಲಿಸುವ ಗಲಾಟೆಗೆ ಇನ್ನೊಂದೈದು. ಅಷ್ಟರಲ್ಲಿ ಮೂವತ್ತೂ ಜನ ಮೂರು ಮೂರು ಸಲ ಮಾತಾಡಿರುತ್ತಾರೆ. ಸಂತೆ ಗದ್ದಲ ಆಗುತ್ತೆ, ನಿಜ. ಆಗಲಿ ಬಿಡಿ.

1924ರಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಆನಾದಲ್ಲಿ ರಾಲ್ಫ್ ಸ್ಮೆಡ್ಲಿ ಶುರು ಮಾಡಿದ, ಭಾಷಣ ಅಭ್ಯಾಸ ಮಾಡುವ ಟೋಸ್ಟ್‌ಮಾಸ್ಟರ್ಸ್ ಕೂಟಗಳು ಬಹಳ ಜನಕ್ಕೆ ಗೊತ್ತು. ಅಲ್ಲಿ ಮೊದಲ ಭಾಷಣಕ್ಕೆ ನಾಲ್ಕರಿಂದ ಆರು ನಿಮಿಷ, ಎದುರಿಗೆ ಸಮಯ ಸೂಚಿಸುವ ಹಸಿರು, ಹಳದಿ, ಕೆಂಪು ದೀಪ. ಜನ ಈ ದೀಪಗಳನ್ನೇ ಕೊಂಡಾಡುತ್ತಾರೆ. ನನಗೆ ಹಿಡಿಸಿದ್ದು ಅವರ ಆರಂಭದ ಹಂತದಲ್ಲಿರುವ ಇನ್ನೊಂದು ಪಾಠ. ಒಂದು ಭಾಷಣ ಮಾಡಿ ವಿಮರ್ಶೆ ಕೇಳಬೇಕು, ಆ ವಿಮರ್ಶೆಯನ್ನು ಅಳವಡಿಸಿಕೊಂಡು ಮತ್ತೊಂದು ಮಾಡಬೇಕು, ಬೇಕಿದ್ದರೆ ಅದೇ ವಿಷಯದ ಮೇಲೆ. ಆಮೇಲೆ ತಾನೇ ಇನ್ನೊಬ್ಬರ ವಿಮರ್ಶಕನಾಗಬೇಕು. ನಾನು ಮೇಡಂ ಹತ್ತಿರ ಬೇಡಿದ್ದು ಇದನ್ನೇ.

ವಿಮರ್ಶೆ ಅಂದರೆ ನೆನಪಾಯಿತು. ಹೊಸಬರಿಗೆ ಹದಿನೈದು ತಪ್ಪು ಪಟ್ಟಿ ಮಾಡಿ ಕೊಡಬೇಡಿ. ಒಂದು ಸಾಕು. ನನಗೆ ಸಿಕ್ಕಿದ್ದು ‘ಅಂದ್ರೆ’. ಗೆಳೆಯನೊಬ್ಬ ಕೂತು ಎಣಿಸಿದ. ಮೂರು ನಿಮಿಷಕ್ಕೆ 23 ‘ಅಂದ್ರೆ’. ಎರಡನೇ ಸಲ 9. ಅದನ್ನು ತಡೆಯುವ ಭರದಲ್ಲಿ ‘ಏನಪ್ಪಾ ಅಂದ್ರೆ’ ಒಳಗೆ ನುಗ್ಗಿದ್ದನ್ನು ಅವನು ಲೆಕ್ಕಕ್ಕೆ ತಗೊಳ್ಳಲಿಲ್ಲ, ಪುಣ್ಯಾತ್ಮ.

ಹಾಗೇ ‘ಸಂವಹನದಲ್ಲಿ ಪದಗಳ ಪಾಲು ಬರೀ 7 ಶೇಕಡಾ’ ಅನ್ನುವ ಪೋಸ್ಟರನ್ನು ದಯವಿಟ್ಟು ಗೋಡೆಯಿಂದ ಇಳಿಸಿ. ಆ ಅಂಕಿ ಬಂದದ್ದು ಮನೋವಿಜ್ಞಾನಿ ಆಲ್ಬರ್ಟ್ ಮೆಹ್ರಾಬಿಯನ್ ಅವರಿಂದ. ಅವರು 1967ರಲ್ಲಿ ಪರೀಕ್ಷಿಸಿದ್ದು ಪದ, ದನಿ, ಮುಖಭಾವ ಪರಸ್ಪರ ತಾಳೆಯಾಗದಿದ್ದಾಗ ಕೇಳುವವರು ಇಷ್ಟಾನಿಷ್ಟವನ್ನು ಹೇಗೆ ಊಹಿಸುತ್ತಾರೆ ಅನ್ನುವುದನ್ನು. ಟೈ ಕಟ್ಟುವ ವಿಧಾನದ 93 ಭಾಗ ಕೈಬೀಸುವಿಕೆಯಲ್ಲಿ ಇಲ್ಲ. ‘ನಿಮಿಷಕ್ಕೆ 130 ಪದ’ ಅನ್ನುವ ಸೂತ್ರವೂ ಇಂಗ್ಲಿಷಿನದು. ‘ಹೋಗಬೇಕಾಗಿದ್ದವರಿಗೆ’ ಅನ್ನುವುದು ನಮಗೆ ಒಂದೇ ಪದ! ಪದ ಎಣಿಸಬೇಡಿ, ಗಡಿಯಾರ ಇಟ್ಟುಕೊಂಡು ಗಟ್ಟಿಯಾಗಿ ಹೇಳಿ ನೋಡಿ.

ಈಗ ಆಗೊಮ್ಮೆ ಈಗೊಮ್ಮೆ ನಾನೂ ಹೊಸಬರ ಭಾಷಣ ಕೇಳಿ ಅಭಿಪ್ರಾಯ ಹೇಳಲು ಕೂರುತ್ತೇನೆ. ಕಳೆದ ವಾರ ಒಬ್ಬ ಹುಡುಗಿ ಕೊಡೆ ಹಿಡಿದು ಮಾತಾಡಿದಳು. ಕೊಡೆಯ ಉಪಯೋಗಗಳು, ಕೊಡೆಯ ವಿಧಗಳು, ಪ್ರಬಂಧ ಓದಿದ ಹಾಗೆ. ಕೊನೆಯ ಹತ್ತು ಸೆಕೆಂಡಿನಲ್ಲಿ, ಗಾಳಿಗೆ ಕೊಡೆ ತಿರುಚಿಕೊಂಡು ಸಂದರ್ಶನಕ್ಕೆ ಒದ್ದೆಯಾಗಿ ಹೋದದ್ದನ್ನು ಹೇಳಿ ಮುಖ ಸಣ್ಣ ಮಾಡಿಕೊಂಡು ಇಳಿದಳು. ಕೂರುವ ಮೊದಲೇ ತಡೆದೆ.

‘ಇನ್ನೊಂದ್ಸಲ ಮಾಡಮ್ಮ. ಒದ್ದೆಯಾಗಿದ್ದರಿಂದ ಶುರು ಮಾಡು.’

‘ಈಗ್ಲೇನಾ ಸರ್?’

‘ಈಗ್ಲೇ.’

ಹೋಗಿ ನಿಂತಳು. ಕೊಡೆಯನ್ನು ಫಟ್ಟನೆ ಬಿಚ್ಚಿದಳು. ಮುಂದಿನ ಸಾಲಿನವರು ಬೆಚ್ಚಿಬಿದ್ದು ಹಿಂದಕ್ಕೆ ಸರಿದರು. ಅವಳಿಗೇ ನಗು ಬಂತು, ನಗುತ್ತಲೇ ಶುರು ಮಾಡಿದಳು. ಕೊಡೆಯ ವಿಧಗಳು ಈ ಸಲ ಬರಲೇ ಇಲ್ಲ.